ಊಟ ಆಯ್ತಾ? ಚಿಯಾಂಗ್ ಮಾಯ್‌ನಲ್ಲಿ ಮನೆ, ಮಕ್ಕಳು ಮತ್ತು ಮೆಂಟರಿಂಗ್ ಸೇವೆ

ಥಾಯ್ಲೆಂಡಿಗೆ ಹೋದ ಮೊದಲ ವಾರದಲ್ಲೇ ಒಂದು ಮಾತು ಕಿವಿಗೆ ಬೀಳುತ್ತದೆ. ಪಕ್ಕದ ಮನೆಯ ಅಜ್ಜಿ ಕೇಳುತ್ತಾರೆ, ತರಕಾರಿ ಮಾರುವವರು ಕೇಳುತ್ತಾರೆ: "ಕಿನ್ ಖಾವ್ ರೂ ಯಾಂಗ್?" ಅನ್ನ ತಿಂದಿರಾ, ಇನ್ನೂ ಇಲ್ಲವಾ ಅಂತ ಅರ್ಥ. ನಮ್ಮ "ಊಟ ಆಯ್ತಾ?" ಅಲ್ವಾ ಇದು! ಆ ಒಂದು ಮಾತಿನಿಂದ ನನ್ನ ಅರ್ಧ ಭಯ ಹೋಯಿತು.

ನಾವು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಎಂಟು ವರ್ಷ ಇದ್ದೆವು. ನಮ್ಮವರು ಕಾಲೇಜು ಹುಡುಗರ ಜೊತೆ, ನಾನು ಹುಡುಗಿಯರ ಜೊತೆ ಮೆಂಟರಿಂಗ್ ಸೇವೆ ಮಾಡುತ್ತಿದ್ದೆವು, ಅಂದರೆ ಮನೆಗೆ ಕರೆದು ಊಟ ಹಾಕಿ, ಜೊತೆಗೆ ಕೂತು ಬೈಬಲ್ ಓದುವ ಕ್ರೈಸ್ತ ಸೇವೆ. ಜೊತೆಗೆ ಇಬ್ಬರು ಮಕ್ಕಳು. ಇಂಥ ಸೇವೆಗೆ ಕುಟುಂಬ ಸಮೇತ ಹೊರಟವರು ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಸಾಲಾಗಿ ಉತ್ತರ ಬರೆಯುತ್ತಿದ್ದೇನೆ. ನಾವು ತಡವಾಗಿ ಕಲಿತದ್ದನ್ನು ನೀವು ಬೇಗ ಕಲಿಯಿರಿ ಅನ್ನುವುದೇ ಆಸೆ.

ಮೊದಲೇ ಒಂದು ಮಾತು. ಮೆಂಟರ್ ಅನ್ನುವುದಕ್ಕೆ ಥಾಯ್ ಜನ "ಪೀ ಲಿಯಂಗ್" ಅನ್ನುತ್ತಾರೆ. ಪೀ ಅಂದರೆ ಅಕ್ಕ ಅಥವಾ ಅಣ್ಣ. ಲಿಯಂಗ್ ಅಂದರೆ ಸಾಕುವುದು, ಉಣಿಸಿ ಬೆಳೆಸುವುದು. ಮಕ್ಕಳನ್ನು ನೋಡಿಕೊಳ್ಳುವ ಆಯಾಗೂ ಅದೇ ಪದ. ಅಂದರೆ ಆ ಜನರ ಮನಸ್ಸಿನಲ್ಲಿ ಮೆಂಟರ್ ಪಾಠ ಹೇಳುವವನಲ್ಲ, ಊಟ ಹಾಕಿ ಜೊತೆಗೆ ಇರುವ ಅಕ್ಕ. ಹಾಗಾಗಿ ಈ ಸೇವೆ ನಡೆಯುವುದು ನಿಮ್ಮ ಮನೆಯೊಳಗೆ. ಮನೆ ಸರಿಯಿಲ್ಲದಿದ್ದರೆ ಸೇವೆ ಉಳಿಯುವುದಿಲ್ಲ.

ಹೊರಡುವ ಮುಂಚೆ

ಗಂಡ ಹೆಂಡತಿ ಬೇರೆ ಬೇರೆ ಕೂತು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ನಾನು ಯಾಕೆ ಹೋಗುತ್ತಿದ್ದೇನೆ? ಏನಾದರೆ ವಾಪಸ್ ಬರುತ್ತೇನೆ? ಮಕ್ಕಳು ಹತ್ತನೇ ಕ್ಲಾಸಿಗೆ ಬಂದಾಗ ಎಲ್ಲಿ ಓದುತ್ತಾರೆ? ಆಮೇಲೆ ಚೀಟಿ ಬದಲಾಯಿಸಿ ಓದಿ. ಒಬ್ಬರಿಗೆ ದೇವರ ಕರೆ ಇದೆ, ಇನ್ನೊಬ್ಬರು ಸುಮ್ನೆ ಜೊತೆಗೆ ಹೋಗುತ್ತಿದ್ದಾರೆ ಅಂತಾದರೆ ಇನ್ನೂ ಒಂದು ವರ್ಷ ಕಾಯಿರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಬೈಬಲಿನಲ್ಲಿ ಅಪೊಲ್ಲೋಸ ಅನ್ನುವ ಬೋಧಕನನ್ನು ತಿದ್ದಿದವರು ಅಕ್ವಿಲ ಮತ್ತು ಪ್ರಿಸ್ಕಿಲ್ಲ, ಗಂಡ ಹೆಂಡತಿ ಇಬ್ಬರೂ. ಒಬ್ಬರು ಸೇವೆ ಮಾಡಿ ಇನ್ನೊಬ್ಬರು ಅಡುಗೆಮನೆಯಲ್ಲಿ ಒಂಟಿಯಾಗಿ ಅಳುವ ಮನೆಗಳನ್ನು ನಾನು ಕಂಡಿದ್ದೇನೆ.

ಊರಿನಲ್ಲಿರುವ ಅಪ್ಪ ಅಮ್ಮ, ಅತ್ತೆ ಮಾವನ ವಿಷಯ ಮುಚ್ಚಿಡಬೇಡಿ. ಅವರನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಹೆಸರು ಹಿಡಿದು ತೀರ್ಮಾನ ಮಾಡಿ. ಇದ್ದಕ್ಕಿದ್ದಂತೆ ಹೊರಟು ಬರಬೇಕಾದರೆ ಮನೆಮಂದಿಗೆಲ್ಲ ಬೇಕಾಗುವ ಟಿಕೆಟ್ ಹಣವನ್ನು ಬೇರೆ ಖಾತೆಯಲ್ಲಿ ಇಡಿ. ಯಾವ ಕಾರಣಕ್ಕೂ ಅದನ್ನು ಸೇವೆಗೆ ಖರ್ಚು ಮಾಡಬೇಡಿ.

ಇನ್ನು ಕಾಗದ ಪತ್ರ. ಧಾರ್ಮಿಕ ಸೇವೆಗೆ ಥಾಯ್ಲೆಂಡಿನಲ್ಲಿ ನಾನ್ ಇಮಿಗ್ರೆಂಟ್ "ಆರ್" ಅನ್ನುವ ವೀಸಾ ಇದೆ. ಮಾನ್ಯತೆ ಪಡೆದ ಸಂಸ್ಥೆಯೊಂದು ನಿಮ್ಮ ಪರವಾಗಿ ಪತ್ರ ಕೊಡಬೇಕು. ಸಂಬಳ ಇಲ್ಲದಿದ್ದರೂ ಅಲ್ಲಿ ಕೆಲಸ ಕೆಲಸವೇ, ವರ್ಕ್ ಪರ್ಮಿಟ್ ಕೇಳುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸೇವೆ ಮಾಡೋಣ, ದೇವರು ನೋಡಿಕೊಳ್ಳುತ್ತಾನೆ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ನಾಳೆ ನಿಮ್ಮ ಮನೆಗೆ ಬರುವ ಹುಡುಗನಿಗೆ ನೀವು ಸತ್ಯದ ಬಗ್ಗೆ ಹೇಳಬೇಕಾಗುತ್ತದೆ. ಬಹುಕಾಲ ಇರುವವರು ಪ್ರತಿ 90 ದಿನಕ್ಕೊಮ್ಮೆ ವಲಸೆ ಕಚೇರಿಗೆ ವಿಳಾಸ ತಿಳಿಸಬೇಕು. ಗಡುವಿಗೆ 15 ದಿನ ಮೊದಲಿನಿಂದ 7 ದಿನ ಆಮೇಲಿನವರೆಗೆ ಅವಕಾಶ ಇದೆ. ನೀವು ಬಂದು ಉಳಿದ ವಿಷಯವನ್ನು ಮನೆ ಮಾಲೀಕರು 24 ಗಂಟೆಯೊಳಗೆ ತಿಳಿಸಬೇಕು. ಅದರ ರಸೀದಿಯನ್ನು ಮರೆಯದೆ ಕೇಳಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ತಿಂಗಳು ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ವಿಚಾರಿಸಿ.

ಮೊದಲ ವರ್ಷ: ಕಲಿಯಿರಿ, ಕಲಿಸಬೇಡಿ

ಮೊದಲ ವರ್ಷ ಯಾರಿಗೂ ಮೆಂಟರ್ ಆಗಬೇಡಿ. ನಿಮ್ಮನ್ನು ಕಳಿಸಿದ ಸಭೆಗೂ, ಅಂದರೆ ಚರ್ಚಿಗೂ, ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಆರು ತಿಂಗಳಿಗೆ "ಎಷ್ಟು ಜನ ಬಂದರು?" ಅಂತ ಪತ್ರ ಬರುತ್ತದೆ.

ಥಾಯ್ ಭಾಷೆಯಲ್ಲಿ 44 ವ್ಯಂಜನ, 5 ಸ್ವರದ ಏರಿಳಿತ. ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಆದರೆ ನಮಗೆ ಒಂದು ಅನುಕೂಲ ಇದೆ. ಸಂಸ್ಕೃತ, ಪಾಳಿಯಿಂದ ಹೋದ ಪದಗಳು ಅಲ್ಲಿ ತುಂಬಾ ಇವೆ. ಮೇಷ್ಟ್ರನ್ನೂ ಪಾಸ್ಟರನ್ನೂ "ಆಜಾನ್" ಅಂತ ಕರೆಯುತ್ತಾರೆ. ಅದು ನಮ್ಮ ಆಚಾರ್ಯ. "ಖ್ರೂ" ಅಂದರೆ ಗುರು. ಪುಸ್ತಕದಲ್ಲಿ ಬರೆದಂತೆ ಕೂಡಿಸಿ ಓದಿದರೆ ಹಳೆಯ ಪರಿಚಯದ ಪದ ಎದ್ದು ಕಾಣುತ್ತದೆ.

ಗಂಡ ಕ್ಲಾಸಿಗೆ ಹೋಗಿ ಹೆಂಡತಿ ಮಗು ನೋಡಿಕೊಂಡು ಮನೆಯಲ್ಲೇ ಉಳಿಯುವ ಏರ್ಪಾಡು ಬೇಡ. ಇಬ್ಬರೂ ಕಲಿಯಬೇಕು. ನಾವು ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ ಹೋಗುತ್ತಿದ್ದೆವು. ನಿಧಾನ ಆಯಿತು, ಆದರೆ ಇಬ್ಬರಿಗೂ ಬಾಯಿ ಬಂತು.

ನಡವಳಿಕೆಯನ್ನು ಮಕ್ಕಳೊಂದಿಗೆ ಸೇರಿ ಕಲಿಯಿರಿ. ಯಾರ ತಲೆಯನ್ನೂ ಮುಟ್ಟಬಾರದು, ಮಗುವಿನ ತಲೆ ಸವರುವುದಾದರೂ ಯೋಚಿಸಿ. ಪಾದ ಯಾರ ಕಡೆಗೂ ಚಾಚಬಾರದು. ಬೆಳಿಗ್ಗೆ 8 ಮತ್ತು ಸಂಜೆ 6 ಗಂಟೆಗೆ ಸಾರ್ವಜನಿಕ ಜಾಗಗಳಲ್ಲಿ ರಾಷ್ಟ್ರಗೀತೆ ಕೇಳಿದರೆ ನಿಂತುಬಿಡಿ. ಅರಮನೆಯ ಬಗ್ಗೆ, ಬುದ್ಧನ ವಿಗ್ರಹಗಳ ಬಗ್ಗೆ ಹಗುರವಾದ ಮಾತು ಮನೆಯೊಳಗೂ ಬೇಡ. ಅದಕ್ಕೆ ಕಠಿಣ ಕಾನೂನು ಇದೆ. ಕಾನೂನು ಇಲ್ಲದಿದ್ದರೂ ನೆರೆಯವರ ಮನಸ್ಸು ಇದೆ.

ಆ ವರ್ಷ ಒಂದು ಸ್ಥಳೀಯ ಸಭೆಗೆ ಸೇರಿ, ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಥಾಯ್ಲೆಂಡಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರು ಅನ್ನುವಷ್ಟು. ಆದರೂ ಅಲ್ಲಿನ ಸಭೆ ಹೊಸದಲ್ಲ. ಮಿಷನರಿ ದಂಪತಿ ಡೇನಿಯಲ್ ಮತ್ತು ಸೋಫಿಯಾ ಮೆಕ್‌ಗಿಲ್ವರಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಚಿಯಾಂಗ್ ಮಾಯ್‌ಗೆ ಬಂದದ್ದು 1867ರಲ್ಲಿ. ನಿಮಗಿಂತ ಮೊದಲೇ ಅಲ್ಲಿ ದೇವರು ಕೆಲಸ ಮಾಡಿದ್ದಾನೆ, ಅದನ್ನು ತಿಳಿದುಕೊಳ್ಳಿ.

ಬಾಗಿಲಿಗೆ ದಿನ ಗೊತ್ತು ಮಾಡಿ

ಈ ವಿಷಯದಲ್ಲಿ ನಾವು ತಪ್ಪು ಮಾಡಿದೆವು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡನೇ ವರ್ಷ ನಮ್ಮ ಮನೆಯ ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಸಂಜೆ ಆರಕ್ಕೆ ಶುರುವಾದರೆ ರಾತ್ರಿ ಹನ್ನೊಂದು. ಅನ್ನದ ಕುಕ್ಕರ್ ಆರುತ್ತಲೇ ಇರಲಿಲ್ಲ. ನನಗೂ ಅದು ದೊಡ್ಡ ಆಶೀರ್ವಾದ ಅನ್ನಿಸುತ್ತಿತ್ತು. ಒಂದು ದಿನ ಮಾರ್ಕೆಟ್ಟಿನಿಂದ ಬಂದು ನೋಡಿದರೆ ಗೇಟಿಗೆ ಒಂದು ಸ್ಲೇಟು ತೂಗುತ್ತಿತ್ತು. ಏಳು ವರ್ಷದ ಮಗಳು ಬರೆದಿದ್ದಳು, "ಇವತ್ತು ನಮ್ಮನೆ ರಜ." ಕನ್ನಡದಲ್ಲಿ. ಆ ಬೀದಿಯಲ್ಲಿ ಅದನ್ನು ಓದಲು ಬರುತ್ತಿದ್ದದ್ದು ಅವಳ ಅಪ್ಪ ಅಮ್ಮನಿಗೆ ಮಾತ್ರ.

ಆ ರಾತ್ರಿ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಮೆಕ್‌ಗಿಲ್ವರಿ ಕುಟುಂಬ ಬಂದ ಹೊಸದರಲ್ಲಿ ಒಂದು ವರ್ಷಕ್ಕೂ ಜಾಸ್ತಿ "ಸಾಲಾ"ದಲ್ಲಿ ಇದ್ದರು. ಸಾಲಾ ಅಂದರೆ ದಾರಿಹೋಕರು ತಂಗುವ ಛತ್ರದಂಥ ಕಟ್ಟಡ. ದಿನವಿಡೀ ಜನ ಬಂದು ಇವರನ್ನು ನೋಡುತ್ತಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಗೇಟು ಇತ್ತು. ಇದ್ದೂ ಹಾಕದೆ ಛತ್ರ ಮಾಡಿಕೊಂಡಿದ್ದೆವು.

ಆಮೇಲೆ ಮಾಡಿದ ಏರ್ಪಾಡು ಹೀಗಿತ್ತು. ಮಂಗಳವಾರ ಹುಡುಗಿಯರು, ಶುಕ್ರವಾರ ಹುಡುಗರು. ಎರಡು ದಿನವೂ ಆರು ಗಂಟೆಗೆ ಊಟ, ಎಂಟೂವರೆಗೆ ಮುಗಿಯಬೇಕು. ಶನಿವಾರ ಪೂರ್ತಿ ಮನೆಯವರದ್ದು, ಯಾರೂ ಬರುವಂತಿಲ್ಲ. ಬುಧವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ನಾವಿಬ್ಬರೇ ಕೂತು ಮಾತಾಡುವುದು, ಅದರಲ್ಲೂ ಸೇವೆಯ ವಿಷಯ ಬಿಟ್ಟು. ಇದನ್ನು ಹುಡುಗರಿಗೆ ನೇರವಾಗಿ ಹೇಳಿದೆವು. ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಿದ್ದೆ. ಹಾಗಾಗಲಿಲ್ಲ. ಆ ಹುಡುಗರಲ್ಲಿ ಒಬ್ಬ ಮದುವೆಯಾದ ಮೇಲೆ ತನ್ನ ಮನೆಯಲ್ಲೂ ಶನಿವಾರದ ನಿಯಮ ಇಟ್ಟುಕೊಂಡ. ನಾವು ಯಾವತ್ತೂ ಪಾಠ ಮಾಡದೆ ಅವನು ಕಲಿತ ಪಾಠ ಅದು.

ತುರ್ತು ಇದ್ದರೆ ಮಾತ್ರ ಬೇರೆ. ರಾತ್ರಿ ಎರಡಕ್ಕೆ ಫೋನ್ ಬಂದರೂ ಎದ್ದು ಹೋಗಿ.

ಯಾರಿಗೆ ಮೆಂಟರ್ ಆಗಬೇಕು

ನೀವಾಗಿ ಹುಡುಕಿ ಆರಿಸಬೇಡಿ. ಸ್ಥಳೀಯ ಸಭೆಯ ಪಾಸ್ಟರನ್ನು ಕೇಳಿ. ಅವರಿಗೆ ಗೊತ್ತಿಲ್ಲದೆ ಅವರ ಸಭೆಯ ಯುವಕರನ್ನು ಮನೆಗೆ ಸೇರಿಸಿಕೊಂಡರೆ ಅದು ಮಂದೆಯನ್ನು ಒಡೆಯುವ ಕೆಲಸ. ಚಿಯಾಂಗ್ ಮಾಯ್‌ಗೆ ಸುತ್ತಲಿನ ಬೆಟ್ಟಗಳಿಂದ ಕರೆನ್, ಲಾಹು, ಅಖಾ ಜನರ ಮಕ್ಕಳು ಓದಲು ಬಂದು ಹಾಸ್ಟೆಲುಗಳಲ್ಲಿ ಇರುತ್ತಾರೆ. ಅವರಲ್ಲಿ ಕ್ರೈಸ್ತ ಮನೆಗಳಿಂದ ಬಂದವರು ಬಹಳ. ಅವರಿಗೂ ಥಾಯ್ ಮನೆಮಾತಲ್ಲ, ನಮಗೂ ಅಲ್ಲ. ತಪ್ಪು ತಪ್ಪು ಥಾಯ್‌ನಲ್ಲಿ ಮಾತಾಡಿಕೊಂಡ ಆ ಸಂಜೆಗಳಲ್ಲಿ ಮೇಲು ಕೀಳು ಇರುತ್ತಿರಲಿಲ್ಲ.

ಒಬ್ಬರಿಗೆ ಒಂದು ಸಲಕ್ಕೆ ಮೂರು ಜನ ಸಾಕು. ನನ್ನ ಅನುಭವದಲ್ಲಿ ನಾಲ್ಕನೆಯವರು ಬಂದ ಕೂಡಲೇ ಅದು ಮೀಟಿಂಗ್ ಆಗುತ್ತದೆ. ಹುಡುಗಿಯರ ಜೊತೆ ಹೆಂಗಸರು, ಹುಡುಗರ ಜೊತೆ ಗಂಡಸರು. ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರೇ ಕೂರುವುದು ಬೇಡ, ಅಂಗಳವೋ ಅಡುಗೆಮನೆಯೋ ಆಗಲಿ. ಹದಿನೆಂಟು ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು. ಇಂಗ್ಲಿಷ್ ಕಲಿಸುತ್ತೇವೆ ಅಂತ ಕರೆದು ಬೈಬಲ್ ತೆಗೆಯುವುದು ಮೋಸ. ಬೈಬಲ್ ಓದಲು ಕರೆಯುವುದಾದರೆ ಹಾಗಂತಲೇ ಕರೆಯಿರಿ.

ವಾರದ ಭೇಟಿ ಹೇಗಿರಬೇಕು

ಮೊದಲು ಊಟ. ಅಡುಗೆಯನ್ನು ನೀವೇ ಮಾಡಿ ಬಡಿಸುವುದಕ್ಕಿಂತ ಅವರ ಕೈಗೂ ಚಾಕು ಕೊಡಿ. ಈರುಳ್ಳಿ ಹೆಚ್ಚುವಾಗ ಬರುವ ಮಾತು ಎದುರು ಬದುರು ಕೂತಾಗ ಬರುವುದಿಲ್ಲ. ನಮ್ಮ ಸಾರಿಗೆ ಅವರು ಅಂಟನ್ನ ತಂದು ಉಂಡೆ ಮಾಡಿ ಅದ್ದಿ ತಿನ್ನುತ್ತಿದ್ದರು. ನಮ್ಮ ಮಕ್ಕಳಿಗೆ ಈಗಲೂ ಹಾಗೇ ರುಚಿ.

ಊಟದ ಮೇಲೆ ಮಾರ್ಕನ ಸುವಾರ್ತೆ ಓದಿ. 16 ಅಧ್ಯಾಯ, ವಾರಕ್ಕೊಂದರಂತೆ ಹೆಚ್ಚು ಕಡಿಮೆ ಒಂದು ಸೆಮಿಸ್ಟರಿಗೆ ಮುಗಿಯುತ್ತದೆ. ಅವರು ಥಾಯ್‌ನಲ್ಲಿ ಗಟ್ಟಿಯಾಗಿ ಓದಲಿ, ನೀವು ಕನ್ನಡ ಸತ್ಯವೇದ ಇಟ್ಟುಕೊಂಡು ಅನುಸರಿಸಿ. ಓದಿದ ಮೇಲೆ ಯೇಸು ಇಲ್ಲಿ ಏನು ಮಾಡಿದ, ಜನ ಏನು ಮಾಡಿದರು, ಈ ವಾರ ನಾನು ಏನು ಮಾಡಲಿ ಅಂತ ಕೇಳಿ. ಆಮೇಲೆ ಚಿಕ್ಕ ಪ್ರಾರ್ಥನೆ. ಪ್ರಸಂಗ ಬೇಡ.

ಇಲ್ಲಿ ಒಂದು ಪದ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು: "ಕ್ರೆಂಗ್ ಜಾಯ್". ನಮ್ಮ ದಾಕ್ಷಿಣ್ಯ ಇದೆಯಲ್ಲ, ಅದೇ. ದೊಡ್ಡವರಿಗೆ ತೊಂದರೆ ಕೊಡಬಾರದು, ಮುಖ ಮುರಿಯಬಾರದು ಅನ್ನುವ ಮನಸ್ಸು. "ಅರ್ಥ ಆಯ್ತಾ?" ಅಂತ ಕೇಳಿದರೆ ಹುಡುಗ "ಖ್ರಾಪ್" ಅನ್ನುತ್ತಾನೆ, ಹುಡುಗಿ "ಖಾ" ಅನ್ನುತ್ತಾಳೆ. ಅದು ಮರ್ಯಾದೆಯ ಮಾತು, ಅರ್ಥ ಆಯಿತು ಅಂತಲ್ಲ. ಅದಕ್ಕೆ ಬದಲು "ಇದನ್ನು ನಿನ್ನ ತಂಗಿಗೆ ಹೇಗೆ ಹೇಳುತ್ತೀಯ?" ಅಂತ ಕೇಳಿ. ತಿಳಿದಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. "ಈ ಭಾನುವಾರ ಬರ್ತೀಯಾ?" ಅಂದರೆ ಬರುತ್ತೇನೆ ಅನ್ನುತ್ತಾರೆ. "ಭಾನುವಾರ ಏನೇನು ಕೆಲಸ ಇದೆ?" ಅಂದರೆ ನಿಜ ಹೇಳುತ್ತಾರೆ. ದಾಕ್ಷಿಣ್ಯದಲ್ಲಿ ಬೆಳೆದ ನಮಗೆ ಇದು ಹೊಸದಲ್ಲ. ಮದುವೆ ಮನೆಯಲ್ಲಿ "ಸಾಕು ಸಾಕು" ಅನ್ನುವವರ ಎಲೆಗೆ ಇನ್ನೊಂದು ಸೌಟು ಯಾವಾಗ ಹಾಕಬೇಕು ಅಂತ ಗೊತ್ತಲ್ವಾ, ಅದೇ ಕಣ್ಣು ಇಲ್ಲಿ ಬೇಕು.

ತಿದ್ದುವಾಗ ಎಲ್ಲರ ಮುಂದೆ ತಿದ್ದಬೇಡಿ. ಅಲ್ಲಿ ಮುಖ ಕಳೆದುಕೊಂಡವನು ಜಗಳ ಮಾಡುವುದಿಲ್ಲ, ನಗುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. ಒಬ್ಬ ಹುಡುಗಿಯನ್ನು ನಾನು ಹೀಗೆ ಕಳೆದುಕೊಂಡೆ. ತಡವಾಗಿ ಬಂದಳು ಅಂತ ಎಲ್ಲರ ಎದುರು ಕೇಳಿದ್ದೆ, ಅಷ್ಟೇ. ಮೂರು ವಾರ ಕಾದು ಹಣ್ಣು ತೆಗೆದುಕೊಂಡು ಅವಳ ಹಾಸ್ಟೆಲಿಗೆ ಹೋದೆ. ಕ್ಷಮೆ ಕೇಳಿದೆ. ಅವಳು ವಾಪಸ್ ಬರಲಿಲ್ಲ. ಈಗಲೂ ಅವಳ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಅಕ್ವಿಲ ಪ್ರಿಸ್ಕಿಲ್ಲ ಅಪೊಲ್ಲೋಸನನ್ನು ಸಭಾಮಂದಿರದಲ್ಲಿ ನಿಲ್ಲಿಸಿ ತಿದ್ದಲಿಲ್ಲ, ಬೇರೆಯಾಗಿ ಕರೆದುಕೊಂಡು ಹೋಗಿ ಹೇಳಿದರು.

ಸಾಯುವ ಮಾತು, ಹೊಡೆತ ಬಡಿತ, ದೌರ್ಜನ್ಯದ ವಿಷಯ ಬಂದರೆ ಒಬ್ಬರೇ ಹೊರಬೇಡಿ. ಅದೇ ದಿನ ಪಾಸ್ಟರ್‌ಗೂ ವೈದ್ಯರಿಗೂ ತಿಳಿಸಿ. "ಯಾರಿಗೂ ಹೇಳಲ್ಲ" ಅನ್ನುವ ಮಾತನ್ನು ಮೊದಲೇ ಕೊಡಬೇಡಿ.

ಅಪ್ಪ ಅಮ್ಮನ ಋಣ

ಬೌದ್ಧ ಮನೆಯಿಂದ ಬಂದವರು ಯೇಸುವನ್ನು ನಂಬಿದಾಗ ಮೊದಲು ಎದುರಾಗುವುದು ತತ್ವದ ಪ್ರಶ್ನೆ ಅಲ್ಲ, ಅಮ್ಮನ ಮುಖ. ಥಾಯ್‌ನಲ್ಲಿ "ಬುನ್ ಖುನ್" ಅನ್ನುತ್ತಾರೆ. ಪುಣ್ಯ ಮತ್ತು ಗುಣ ಅನ್ನುವ ಎರಡು ಪದ ಸೇರಿ ಆದದ್ದು. ನಮ್ಮ ಮಾತಿನಲ್ಲಿ ಋಣ. ಮಗ ಸ್ವಲ್ಪ ಕಾಲವಾದರೂ ಭಿಕ್ಷುವಾದರೆ ಆ ಪುಣ್ಯ ಹೆತ್ತವರಿಗೆ ಸೇರುತ್ತದೆ ಅನ್ನುವುದು ಅವರ ನಂಬಿಕೆ. ಅದನ್ನು ಮಗ ಮಾಡುವುದಿಲ್ಲ ಅಂದರೆ ಅಮ್ಮನಿಗೆ ಏನನ್ನಿಸಬಹುದು, ಯೋಚಿಸಿ.

ಇಲ್ಲಿ ಅವಸರ ಮಾಡಬೇಡಿ. ದೀಕ್ಷಾಸ್ನಾನದ ದಿನ ನಿಗದಿ ಮಾಡುವ ಮೊದಲು ಹುಡುಗ ಮನೆಗೆ ಹೋಗಿ ಬರಲಿ. ಸಾಧ್ಯವಾದರೆ ಸ್ಥಳೀಯ ಪಾಸ್ಟರ್ ಜೊತೆ ನೀವೂ ಹೋಗಿ, ಅವರ ಮನೆಯಲ್ಲಿ ಊಟ ಮಾಡಿ. ಅವರ ಮಗನನ್ನು ಕಿತ್ತುಕೊಳ್ಳಲು ಬಂದವರಲ್ಲ ಅಂತ ಅವರಿಗೆ ಕಾಣಬೇಕು. ಋಣ ತೀರಿಸುವ ಬೇರೆ ದಾರಿಗಳನ್ನು ಹುಡುಗನೊಂದಿಗೆ ಕೂತು ಹುಡುಕಿ. ತಿಂಗಳಿಗೆ ಇಷ್ಟು ಅಂತ ಹಣ ಕಳಿಸುವುದು, ನಾಟಿಗೆ ಕೊಯ್ಲಿಗೆ ರಜೆ ಹಾಕಿ ಹೋಗುವುದು, ಥಾಯ್ ಹೊಸವರ್ಷದ ಸೊಂಕ್ರಾನ್ ಹಬ್ಬಕ್ಕೆ ಏಪ್ರಿಲ್ 13ರ ಹೊತ್ತಿಗೆ ಮನೆಯಲ್ಲಿರುವುದು. ಅಂತ್ಯಕ್ರಿಯೆಯಲ್ಲಿ ಏನು ಮಾಡಬಹುದು, ಏನು ಬೇಡ ಅನ್ನುವುದನ್ನು ನೀವು ಹೇಳಬೇಡಿ. ಆ ದಾರಿಯಲ್ಲಿ ನಡೆದುಬಂದ ಥಾಯ್ ವಿಶ್ವಾಸಿಗಳು ಹೇಳಲಿ.

ಚಿಯಾಂಗ್ ಮಾಯ್‌ನಲ್ಲಿ ಮೊದಲು ನಂಬಿದವನು ನಾನ್ ಇಂತ ಅನ್ನುವ ಓದಿದ ಮನುಷ್ಯ. ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದವನು, ತಿಂಗಳುಗಟ್ಟಲೆ ವಾದ ಮಾಡಿದ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಮೆಕ್‌ಗಿಲ್ವರಿ ಒಂದು ವಾರ ಮುಂಚೆಯೇ ಹೇಳಿದ್ದರು. ಅದು ಹೇಳಿದಂತೆ ನಡೆದದ್ದು ಅವನ ಮನಸ್ಸಿನ ಮೇಲೆ ದೊಡ್ಡ ಪರಿಣಾಮ ಮಾಡಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಹೊಸ ವಿಶ್ವಾಸಿಗಳಲ್ಲಿ ಇಬ್ಬರನ್ನು, ನೋಯ್ ಸುನ್ಯ ಮತ್ತು ನಾನ್ ಚಾಯ್ ಅವರನ್ನು, ಅಲ್ಲಿನ ದೊರೆ ಕೊಲ್ಲಿಸಿದ. ಮಿಷನರಿ ಕುಟುಂಬ ಬದುಕಿತು. ಈ ಕಥೆ ನೆನಪಾದಾಗಲೆಲ್ಲ ನನಗೆ ಒಂದು ಭಯ ಹುಟ್ಟುತ್ತದೆ, ಒಳ್ಳೆಯ ಭಯ. ಈಗ ಕಾನೂನಿನಲ್ಲಿ ಧರ್ಮ ಸ್ವಾತಂತ್ರ್ಯ ಇದೆ, ಯಾರೂ ಕೊಲ್ಲುವುದಿಲ್ಲ. ಆದರೂ ತೀರ್ಮಾನದ ಬೆಲೆ ತೆರುವವನು ಆ ಹುಡುಗ. ನಮಗೆ ವಾಪಸ್ ಟಿಕೆಟ್ ಇದೆ. ಹಾಗಾಗಿ ಅವನ ಹೆಸರು, ಫೋಟೋ ಪ್ರಾರ್ಥನಾ ಪತ್ರದಲ್ಲಿ ಹಾಕಬೇಡಿ. ಆ ಪತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಮಗೆ ಗೊತ್ತಾಗುವುದಿಲ್ಲ.

ಮಕ್ಕಳು

ಹೆತ್ತವರ ಸಂಸ್ಕೃತಿ ಒಂದು, ಬೆಳೆಯುವ ನೆಲದ ಸಂಸ್ಕೃತಿ ಇನ್ನೊಂದು, ಎರಡರ ನಡುವೆ ತಮ್ಮದೇ ಮೂರನೆಯದು ಕಟ್ಟಿಕೊಳ್ಳುವ ಮಕ್ಕಳು ಅಂತ 1950ರ ದಶಕದಲ್ಲಿ ರೂತ್ ಹಿಲ್ ಯೂಸೀಮ್ ಅನ್ನುವ ಸಮಾಜ ವಿಜ್ಞಾನಿ ಗುರುತಿಸಿದರು. ಅವರು ಮೊದಲು ನೋಡಿದ್ದು ಭಾರತದಲ್ಲಿ ಬೆಳೆಯುತ್ತಿದ್ದ ಅಮೆರಿಕದ ಮಕ್ಕಳನ್ನು. ನಮ್ಮ ಮಗನಿಗೆ "ನಿನ್ನ ಊರು ಯಾವುದು?" ಅಂದರೆ ಅವನು ನನ್ನ ಮುಖ ನೋಡುತ್ತಿದ್ದ.

ಇದಕ್ಕೆ ಮದ್ದು ಇಲ್ಲ, ಆದರೆ ಊರುಗೋಲು ಇದೆ. ಮೊದಲನೆಯದು ಕನ್ನಡ. ಕುಟುಂಬ ಪ್ರಾರ್ಥನೆ ಕನ್ನಡದಲ್ಲೇ ನಡೆಯಲಿ. ಅಪ್ಪ ಅಮ್ಮನಿಗೆ ಅಳು ಬರುವ ಭಾಷೆಯಲ್ಲಿ ಮಕ್ಕಳೂ ಪ್ರಾರ್ಥಿಸಲು ಕಲಿಯಬೇಕು. ಎರಡನೆಯದು ಅಜ್ಜಿ ತಾತ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ ಇದೆ. ಅಲ್ಲಿ ಸಂಜೆ ಆರು ಅಂದರೆ ಇಲ್ಲಿ ನಾಲ್ಕೂವರೆ, ಅತ್ತೆ ಕಾಫಿ ಕುಡಿಯುವ ಹೊತ್ತು. ವಾರಕ್ಕೆ ಎರಡು ಸಲ ಆ ಹೊತ್ತಿಗೆ ವಿಡಿಯೋ ಕಾಲ್. ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಅಂತ ಬೈಬಲಿನಲ್ಲಿ ಪೌಲ ಬರೆಯುತ್ತಾನಲ್ಲ, ಆ ಸಾಲಿನ ಬೆಲೆ ಪರದೇಶದಲ್ಲಿ ಗೊತ್ತಾಗುತ್ತದೆ.

ಶಾಲೆ ಆರಿಸುವಾಗ ಹಿಂದಿರುಗುವ ವರ್ಷದಿಂದ ಲೆಕ್ಕ ಹಾಕಿ. ಥಾಯ್ ಶಾಲೆಗಳ ವರ್ಷ ಮೇ ಮಧ್ಯದಲ್ಲಿ ಶುರುವಾಗುತ್ತದೆ. ಚಿಕ್ಕವರಿಗೆ ಎರಡು ವರ್ಷ ಥಾಯ್ ಶಾಲೆ ಒಳ್ಳೆಯದು, ಭಾಷೆ ನಮಗಿಂತ ಬೇಗ ಬರುತ್ತದೆ. ಆದರೆ ಅವರನ್ನು ನಿಮ್ಮ ದುಭಾಷಿ ಮಾಡಿಕೊಳ್ಳಬೇಡಿ. ಬಂದವರ ಮುಂದೆ ಹಾಡು ಹೇಳು, ವಾಕ್ಯ ಹೇಳು ಅಂತ ನಿಲ್ಲಿಸಲೂ ಬೇಡಿ. ಅವರು ಸೇವೆಯ ಸಾಮಾನು ಅಲ್ಲ.

ಫೆಬ್ರವರಿಯಿಂದ ಏಪ್ರಿಲ್ ತನಕ ಉತ್ತರ ಥಾಯ್ಲೆಂಡಿನಲ್ಲಿ ಕಾಡು, ಹೊಲ ಸುಡುವ ಹೊಗೆ ಕವಿಯುತ್ತದೆ. ಗಾಳಿ ಶುದ್ಧ ಮಾಡುವ ಯಂತ್ರ ಒಂದು ಕೋಣೆಗಾದರೂ ಇರಲಿ. ಮಕ್ಕಳಿಗೆ ಉಬ್ಬಸ ಇದ್ದರೆ ಆ ತಿಂಗಳುಗಳಲ್ಲಿ ದಕ್ಷಿಣಕ್ಕೋ ಊರಿಗೋ ಹೋಗಿ ಬನ್ನಿ. ಸೇವೆ ಕಾಯುತ್ತದೆ.

ಹಣ

ಸಾಲ ಕೊಡಬೇಡಿ. ಕೊಡಲೇಬೇಕು ಅನ್ನಿಸಿದರೆ ಪಾಸ್ಟರ್‌ಗೆ ತಿಳಿಸಿ ಸಹಾಯ ಅಂತಲೇ ಕೊಡಿ, ವಾಪಸ್ ಕೇಳಬೇಡಿ. ಶುಲ್ಕ ಇದ್ದರೆ ಕಾಲೇಜಿಗೆ ನೇರ ಕಟ್ಟಿ. ಹಣ ಕೊಟ್ಟ ಕೈಗೆ ನಿಜ ಹೇಳುವುದು ಕಷ್ಟ, ದಾಕ್ಷಿಣ್ಯ ಅಡ್ಡ ಬರುತ್ತದೆ.

ಹೊರಡುವುದು

ಹೊರಡುವ ತಯಾರಿ ಎರಡು ವರ್ಷ ಮುಂಚೆ ಶುರುವಾಗಬೇಕು. ನೀವು ಮೆಂಟರ್ ಆಗಿದ್ದ ಮೂವರಲ್ಲಿ ಒಬ್ಬರಾದರೂ ಇನ್ನೊಬ್ಬರ ಜೊತೆ ಮಾರ್ಕನ ಸುವಾರ್ತೆ ಓದಲು ಶುರು ಮಾಡಿರಬೇಕು. ಅವರು ಓದುವ ಕೋಣೆಗೆ ನೀವು ಹೋಗಬೇಡಿ. ಅವರದೇ ರೀತಿಯಲ್ಲಿ ನಡೆಯಲಿ, ತಪ್ಪಾದರೂ ಪರವಾಗಿಲ್ಲ.

ಮುನಿಸು ಏನಾದರೂ ಉಳಿದಿದ್ದರೆ ಹೋಗಿ ಸರಿ ಮಾಡಿಕೊಳ್ಳಿ. ಮಕ್ಕಳಿಗೂ ವಿದಾಯ ಹೇಳಲು ಸಮಯ ಕೊಡಿ: ಗೆಳೆಯರಿಗೆ, ಮೇಷ್ಟ್ರಿಗೆ, ಆಡಿದ ಮರಕ್ಕೆ, ಬೀದಿಯ ನಾಯಿಗೆ. ನಮ್ಮ ಮಗಳು ಆ ಸ್ಲೇಟನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡಳು. ಮಗ ಅತ್ತ, ನಾವು ಸುಮ್ಮನಿರಿಸಲಿಲ್ಲ.

ಪಾತ್ರೆ, ಕುಕ್ಕರ್ ಎಲ್ಲ ಒಂದು ವಾರ ಮುಂಚೆಯೇ ಕೊಟ್ಟುಬಿಡಿ. ಆಗ ನಿಮ್ಮ ಮನೆಯಲ್ಲಿ ಅಡುಗೆ ಆಗುವುದಿಲ್ಲ. ಆ ಕೊನೆಯ ವಾರ ಅವರೇ ಫೋನ್ ಮಾಡಿ ಕೇಳುತ್ತಾರೆ, "ಪೀ, ಕಿನ್ ಖಾವ್ ರೂ ಯಾಂಗ್?" ಇಲ್ಲ ಅಂತ ನಿಜ ಹೇಳಿ. ಹೋಗಿ ಅವರ ಹಾಸ್ಟೆಲಿನ ನೆಲದ ಮೇಲೆ ಕೂತು, ಬಡಿಸಿದ್ದನ್ನು ಊಟ ಮಾಡಿ.